ಪುಟ್ಟ ಆಡಿಯೋಫೈಲ್ ಲೇಬಲ್‌ಗಳ (ಧ್ವನಿಯ ಗುಣಮಟ್ಟಕ್ಕೇ ಹೆಚ್ಚು ಗಮನ ಕೊಡುವ ಸಂಗೀತ ಕಂಪನಿಗಳ) ಜಾಝ್, ಕ್ಲಾಸಿಕಲ್ ಸಿಡಿಗಳು ನನ್ನ ಸಿಸ್ಟಂನಲ್ಲಿ ಸಪ್ಪೆಯಾಗಿ ಕೇಳಿಸುತ್ತವೆ. ಆಂಪ್ಲಿಫೈಯರ್ ಬದಲಿಸಬೇಕೇ, ಸಿಡಿಗಳನ್ನು ಹಿಂದಿರುಗಿಸಬೇಕೇ?

ಸಿಡಿಗಳನ್ನು ಹಿಂದಿರುಗಿಸಬೇಡಿ. ಆಂಪ್ಲಿಫೈಯರಿನ ಯೋಚನೆಯನ್ನೂ ಸದ್ಯಕ್ಕೆ ಬದಿಗಿಡಿ. ಪಿಯಾನೋ, ಡಬಲ್ ಬೇಸ್, ಡ್ರಮ್ ಮೂರೇ ಇರುವ ಪಿಯಾನೋ ಟ್ರಯೋದಲ್ಲಿ ಬೇಸ್ ಇಲ್ಲವೇ ಇಲ್ಲ, ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್ ಪಕ್ಕದ ಕೋಣೆಯಲ್ಲಿ ನುಡಿಸಿದಂತಿದೆ, ಅದೇ ಸ್ಪೀಕರುಗಳಲ್ಲಿ ದೊಡ್ಡ ಕಂಪನಿಗಳ ಆಲ್ಬಮ್ಮುಗಳು ಎದೆಗೆ ಬಡಿಯುತ್ತವೆ ಎಂದು ಬರೆದಿದ್ದೀರಿ. ಹೆಚ್ಚುಕಡಿಮೆ ಇವೇ ಮಾತುಗಳನ್ನು ನಾನು ಒಮ್ಮೆ ಹೇಳಿದ್ದೆ. ಹೇಳಿ ಸುಮ್ಮನಿರದೆ ಅದರಂತೆ ನಡೆದುಕೊಂಡದ್ದರಿಂದ, ಈಗ ಹುಡುಕಿದರೂ ಸಿಗದ ಕೆಲವು ಧ್ವನಿಮುದ್ರಣಗಳು ಕೈಬಿಟ್ಟು ಹೋದವು.

ನನ್ನನ್ನು ಈ ಲೋಕಕ್ಕೆ ಎಳೆದದ್ದು ‘ಜಾಝ್ ಅಟ್ ದ ಪಾನ್‌ಶಾಪ್’. ಸ್ವೀಡನ್ನಿನ ಪ್ರೊಪ್ರಿಯಸ್ ಎಂಬ ಪುಟ್ಟ ಲೇಬಲ್ 1977ರಲ್ಲಿ ಹೊರತಂದ ಆಲ್ಬಮ್. ಅದಕ್ಕೂ ಹಿಂದಿನ ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಸ್ಟಾಂಪೆನ್ ಎಂಬ ಕ್ಲಬ್ಬಿನಲ್ಲಿ ಆರ್ನೆ ಡೊಮ್ನೆರುಸ್ ಮತ್ತು ಸಂಗಡಿಗರು ನುಡಿಸುತ್ತಿದ್ದುದನ್ನು ಗೆರ್ಟ್ ಪಾಮ್‌ಕ್ರಾಂಟ್ಸ್ ಅಲ್ಲಿಯೇ ಮುದ್ರಿಸಿಕೊಂಡಿದ್ದರು. ಪರಿಚಯದವರೊಬ್ಬರ ಮನೆಯಲ್ಲಿ ಅದನ್ನು ಕೇಳಿದಾಗ, ಗ್ಲಾಸುಗಳು ತಾಗುವ ಸದ್ದು ಎಡಗಡೆ ಎಲ್ಲೋ ಹುಟ್ಟಿದಂತಾಗಿ ನಾನು ತಿರುಗಿ ನೋಡಿದ್ದೆ. ಲಾರ್ಸ್ ಎರ್ಸ್ಟ್ರಾಂಡ್ ವೈಬ್ರಫೋನ್ ಎಂಬ ವಾದ್ಯದ ಲೋಹದ ಪಟ್ಟಿಯೊಂದನ್ನು ಮುಟ್ಟಿದರೆ ಆ ನಾದ ಕ್ಲಬ್ಬಿನ ಗಾಳಿಯಲ್ಲಿ ಹರಡಿ ಆರುವುದು ಕೇಳುತ್ತಿತ್ತು. ಸಂಗೀತದ ಜೊತೆಗೆ ಒಂದು ಜಾಗವೂ ಮುದ್ರಣವಾಗಬಲ್ಲದು ಎಂದು ನನಗೆ ಗೊತ್ತಾದದ್ದು ಆವತ್ತು. ಆಮೇಲೆ ಕೈಯಲ್ಲಿ ಕಾಸಾಡಿದಾಗಲೆಲ್ಲ ಇಂಥ ಪುಟ್ಟ ಲೇಬಲ್‌ಗಳ ಸಿಡಿಗಳನ್ನೇ ಕೊಳ್ಳತೊಡಗಿದೆ: ಜಾಝ್ ಟ್ರಯೋಗಳು, ಕೆಲವೇ ವಾದ್ಯಗಳ ಚೇಂಬರ್ ಸಂಗೀತ, ಒಂಟಿ ಚೆಲ್ಲೋ (ವಯಲಿನ್ ಜಾತಿಯ ದೊಡ್ಡ ತಂತಿವಾದ್ಯ), ಚರ್ಚಿನಲ್ಲಿ ಮುದ್ರಿಸಿದ ಗಾಯನವೃಂದ. ಮನೆಗೆ ತಂದು ಹಾಕಿದರೆ ನೀವು ಹೇಳುವ ಅದೇ ಸಪ್ಪೆ.

ನನ್ನ ತಪ್ಪು ಏನೆಂದು ಇಲ್ಲಿ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಆಗ ಅದು ತಪ್ಪಿನಂತೆ ಕಾಣುತ್ತಲೇ ಇರಲಿಲ್ಲ. ಬಹಳ ಶಿಸ್ತಿನ ಕೆಲಸದಂತೆ ಕಾಣುತ್ತಿತ್ತು. ವಾಲ್ಯೂಮ್ ಗುಂಡಿಯನ್ನು ಗಡಿಯಾರದ ಹತ್ತು ಗಂಟೆಯ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದೆ. ಮೊದಲು ದೊಡ್ಡ ಕಂಪನಿಯ ಆಲ್ಬಮ್ಮಿನ ಒಂದು ಟ್ರ್ಯಾಕ್, ಅದಾದ ಮೇಲೆ ಗುಂಡಿಯನ್ನು ಮುಟ್ಟದೆ ಪುಟ್ಟ ಲೇಬಲ್‌ನ ಸಿಡಿ. ಮುಟ್ಟಿದರೆ ಹೋಲಿಕೆ ಕೆಡುತ್ತದೆ, ಎರಡಕ್ಕೂ ಒಂದೇ ವಾಲ್ಯೂಮ್ ಕೊಡುವುದೇ ನ್ಯಾಯ ಎಂದು ಗಟ್ಟಿಯಾಗಿ ನಂಬಿದ್ದೆ. ಗುಂಡಿ ಒಂದೇ ಜಾಗದಲ್ಲಿದ್ದರೆ ವಾಲ್ಯೂಮ್ ಒಂದೇ ಆಗಿರುತ್ತದೆ ಎಂದುಕೊಂಡದ್ದೇ ಎಡವಟ್ಟು. ಗುಂಡಿ ತೀರ್ಮಾನಿಸುವುದು ಒಳಗೆ ಬಂದದ್ದನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬುದನ್ನು ಮಾತ್ರ. ಒಳಗೆ ಬರುವುದು ಎಷ್ಟು ಜೋರಾಗಿದೆ ಎಂಬುದು ಸಿಡಿಯಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ.

ಡಿಜಿಟಲ್ ಮುದ್ರಣಕ್ಕೆ ದಾಟಲಾಗದ ಒಂದು ಚಾವಣಿ ಇದೆ, ಅದನ್ನು ಸೊನ್ನೆ ಡೆಸಿಬೆಲ್ ಎನ್ನುತ್ತಾರೆ. ಒಳ್ಳೆಯ ಪುಟ್ಟ ಲೇಬಲ್‌ನವರು ಇಡೀ ಪ್ರದರ್ಶನದಲ್ಲಿ ಅತಿ ಜೋರಾದ ಆ ಒಂದೆರಡು ಕ್ಷಣಗಳನ್ನು, ಅಂದರೆ ಸ್ನೇರ್ ಡ್ರಮ್ಮಿನ ಮೇಲೆ ಬಿದ್ದ ಒಂದು ಏಟನ್ನೋ ಪಿಯಾನೋದ ಒಂದು ಬಿರುಸು ಸ್ವರಮೇಳವನ್ನೋ ಚಾವಣಿಯ ಹತ್ತಿರ ಇಟ್ಟು, ಉಳಿದದ್ದನ್ನು ಅದು ಸಹಜವಾಗಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಬಿಡುತ್ತಾರೆ. ಹಾಗಾಗಿ ಸಂಗೀತದ ಸರಾಸರಿ ಮಟ್ಟ ಚಾವಣಿಯಿಂದ 20 ಡೆಸಿಬೆಲ್ ಕೆಳಗಿರಬಹುದು, ಕ್ಲಾಸಿಕಲ್‌ನಲ್ಲಿ ಇನ್ನೂ ಕೆಳಗೆ. ಜೋರಾಗಿ ಕೇಳಲೆಂದೇ ತಯಾರಿಸಿದ ಆಲ್ಬಮ್ಮಿನಲ್ಲಿ ಆ ಏಟುಗಳ ತಲೆಯನ್ನು ಕಂಪ್ರೆಸರ್ ಎಂಬ ಉಪಕರಣದಿಂದ ತಗ್ಗಿಸಿ, ತೆರವಾದ ಜಾಗಕ್ಕೆ ಉಳಿದೆಲ್ಲವನ್ನೂ ಎತ್ತಿ ಕೂರಿಸುತ್ತಾರೆ. ಅಲ್ಲಿ ಚಾವಣಿಗೂ ಸರಾಸರಿಗೂ ನಡುವೆ 10 ಡೆಸಿಬೆಲ್ ಅಂತರ ಉಳಿದರೆ ಹೆಚ್ಚು. ಗುಂಡಿ ಮುಟ್ಟದೆ ಸಿಡಿ ಬದಲಿಸಿದಾಗ ನಾನು ಕೇಳುತ್ತಿದ್ದದ್ದು ಈ 10 ಡೆಸಿಬೆಲ್ ವ್ಯತ್ಯಾಸವನ್ನು. 10 ಡೆಸಿಬೆಲ್ ಕಡಿಮೆಯಾದರೆ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ತೋರುತ್ತದೆ.

ಬರೀ ಮೆಲ್ಲಗೆ ಕೇಳಿದ್ದರೆ ನನಗೂ ಹೊಳೆಯುತ್ತಿತ್ತೇನೋ. ಆದರೆ ಸದ್ದು ಇಳಿದಾಗ ಎಲ್ಲ ಸ್ವರಗಳೂ ಒಂದೇ ಸಮನಾಗಿ ಇಳಿದಂತೆ ಕಿವಿಗೆ ಅನ್ನಿಸುವುದಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ: ಮಟ್ಟ ಕಡಿಮೆಯಾದಂತೆ ಕಿವಿ ಮಂದ್ರದ ಸ್ವರಗಳನ್ನು ಎಲ್ಲಕ್ಕಿಂತ ಬೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಡಬಲ್ ಬೇಸ್ ಸಿಡಿಯಲ್ಲಿ ಇದ್ದರೂ ನನ್ನ ಕಿವಿಗೆ ಇರಲಿಲ್ಲ. ಕೋಣೆಯ ಅನುರಣನದಂಥ ಸೂಕ್ಷ್ಮಗಳು ಫ್ಯಾನಿನ ಸದ್ದಿನಲ್ಲಿ ಮುಚ್ಚಿಹೋದವು. ನಾನು ತೆಗೆದುಕೊಂಡ ತೀರ್ಪು, ಮುದ್ರಣಕ್ಕೆ ಜೀವವಿಲ್ಲ. ಸಿಸ್ಟಂ ಮೇಲೂ ಸಂಶಯ ಬಂದು ಆಂಪ್ಲಿಫೈಯರ್ ಬದಲಿಸಿದೆ. ಹೊಸದರಲ್ಲೂ ಗುಂಡಿಯನ್ನು ಅದೇ ಹತ್ತು ಗಂಟೆಗೆ ನಿಲ್ಲಿಸಿ, ಅದೇ ಪರೀಕ್ಷೆ ಮಾಡಿ, ಅದೇ ತೀರ್ಪಿಗೆ ಬಂದೆ. ಎರಡು ಆಂಪ್ಲಿಫೈಯರುಗಳು ಒಂದೇ ಮಾತು ಹೇಳಿದ ಮೇಲೆ ಸಿಡಿಗಳದ್ದೇ ದೋಷ ಎಂದು ಅವನ್ನು ಮಾರಿಬಿಟ್ಟೆ.

ಡಬ್ಬಿ ಒಡೆದಿದ್ದ ಒಂದು ಸಿಡಿಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಎಷ್ಟೋ ಕಾಲದ ಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಅದರ ಅಲೆಯ ಚಿತ್ರ ಪರದೆಯ ಮೇಲೆ ಬಂತು. ನಡುವೆ ಒಂದು ತೆಳು ಪಟ್ಟಿ, ಅಲ್ಲಲ್ಲಿ ಮುಳ್ಳಿನಂತೆ ಮೇಲೆದ್ದ ಗೆರೆಗಳು, ಅವುಗಳಲ್ಲಿ ಒಂದೇ ಒಂದು ಮೇಲಿನ ಅಂಚನ್ನು ಮುಟ್ಟಿತ್ತು. ಪಕ್ಕದ ಕಿಟಕಿಯಲ್ಲಿ ನಾನು ಮೆಚ್ಚುತ್ತಿದ್ದ ಇನ್ನೊಂದು ಆಲ್ಬಮ್ ತೆರೆದೆ. ಶುರುವಿನಿಂದ ಕೊನೆಯವರೆಗೆ ಅಂಚಿನಿಂದ ಅಂಚಿಗೆ ಒಂದೇ ಬಣ್ಣದ ಗಟ್ಟಿ ಪಟ್ಟೆ. ನೋಡಿದೊಡನೆ ಎದ್ದು ಹೋಗಿ ಆ ಸಿಡಿಯನ್ನು ಹಾಕಿ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದೆ. ಹನ್ನೊಂದು ದಾಟಿತು, ಹನ್ನೆರಡಾಯಿತು. ಮೊದಲು ತಂತಿಯ ಮೇಲೆ ಬೆರಳು ಜಾರುವ ಸದ್ದು ಬಂತು. ಇನ್ನಷ್ಟು ತಿರುಗಿಸಿದಾಗ ಡಬಲ್ ಬೇಸಿನ ಮರದ ಹೊಟ್ಟೆ ಗುಂಯ್‌ಗುಟ್ಟಿತು. ಅದರ ಹಿಂದೆ ಗೋಡೆ ಎಲ್ಲಿದೆ ಎಂದು ತೋರಿಸಬಹುದಾದಷ್ಟು ಸ್ಪಷ್ಟವಾಗಿ ಕೋಣೆ ತೆರೆದುಕೊಂಡಿತು. ಡ್ರಮ್ ವಾದಕ ಬ್ರಷ್ಷನ್ನು ಸಿಂಬಲಿನಿಂದ ಎತ್ತುವುದು ಕೇಳಿಸಿತು, ಹೊಡೆಯುವುದಷ್ಟೇ ಅಲ್ಲ. ಮಾರಿದ ಸಿಡಿಗಳಲ್ಲಿ ಏನೇನಿತ್ತು ಎಂದು ಆಗ ಲೆಕ್ಕ ಹಾಕಿದೆ. ಕೆಲವನ್ನು ಮತ್ತೆ ಕೊಂಡೆ. ಇಂಥ ಲೇಬಲ್‌ಗಳು ಕೆಲವೇ ಪ್ರತಿಗಳನ್ನು ತಯಾರಿಸುತ್ತವೆ, ತೀರಿದ ಮೇಲೆ ಎಷ್ಟೋ ಸಲ ಮತ್ತೆ ಮುದ್ರಿಸುವುದಿಲ್ಲ. ಒಂಟಿ ಚೆಲ್ಲೋದ ಒಂದು ಸಿಡಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಹೊಟ್ಟೆ ಉರಿಸುವ ಸಂಗತಿ ಎಂದರೆ, ಈ ಲೇಬಲ್‌ಗಳವರು ವಿಷಯವನ್ನು ಮುಚ್ಚಿಟ್ಟಿರಲೇ ಇಲ್ಲ. ರಾಬರ್ಟ್ ಫೋನ್ ಬಾರ್ 1973ರಲ್ಲಿ ಸ್ವೀಡನ್ನಿನಲ್ಲಿ ಶುರುಮಾಡಿದ ಬಿಸ್ ಲೇಬಲ್‌ನ ಹಳೆಯ ಸಿಡಿಗಳಲ್ಲಿ, ಮೂಲ ಪ್ರದರ್ಶನದ ಏರಿಳಿತವನ್ನು ಹಾಗೆಯೇ ಉಳಿಸಿದ್ದೇವೆ, ನಿಮ್ಮ ಸ್ಪೀಕರುಗಳಿಗೆ ಪೆಟ್ಟಾಗಬಹುದು ಎಂಬರ್ಥದ ಎಚ್ಚರಿಕೆಯನ್ನೇ ಅಚ್ಚು ಹಾಕಿದ್ದರು. ಅಮೆರಿಕದ ಟೆಲಾರ್ಕ್ ಆಗ ಇನ್ನೂ ಸಣ್ಣ ಲೇಬಲ್. ಚೈಕೋವ್‌ಸ್ಕಿಯ 1812 ಓವರ್ಚರನ್ನು ಸಿನ್ಸಿನಾಟಿ ವಾದ್ಯವೃಂದ ಮತ್ತು ನಿಜವಾದ ಫಿರಂಗಿಗಳೊಂದಿಗೆ ಮುದ್ರಿಸಿ 1979ರಲ್ಲಿ ಹೊರತಂದಾಗ, ಫಿರಂಗಿ ಸದ್ದಿನ ಬಗ್ಗೆ ರಕ್ಷಾಪುಟದಲ್ಲೇ ಎಚ್ಚರಿಸಿತ್ತು. ಆ ಎಲ್‌ಪಿಯ ಫಿರಂಗಿ ಗೆರೆಗಳಲ್ಲಿ ಎಷ್ಟೋ ಟರ್ನ್‌ಟೇಬಲ್‌ಗಳ ಮುಳ್ಳು ಹಾರಿಬಿದ್ದಿದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಅದೇ ಆಲ್ಬಮ್ಮುಗಳನ್ನು ಸಿಡಿಗಿಂತ ಹೆಚ್ಚು ವಿವರ ಹಿಡಿದಿಡುವ ಹೈ-ರೆಸಲ್ಯೂಷನ್ ಫೈಲುಗಳಾಗಿ ಮತ್ತೆ ಕೊಂಡರೆ ಸಪ್ಪೆ ಹೋಗುತ್ತದೆಯೇ ಎಂಬುದು. ಹೋಗುವುದಿಲ್ಲ. 16 ಬಿಟ್‌ನ ಸಾಮಾನ್ಯ ಸಿಡಿಯಲ್ಲಿ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ಹರವು ಇದೆ. ಮನೆಯ ಕೋಣೆಯಲ್ಲಿ ಅದನ್ನು ಪೂರ್ತಿ ಬಳಸುವುದು ಯಾರಿಗೂ ಸಾಧ್ಯವಿಲ್ಲ. ನಾರ್ವೆಯ 2ಎಲ್ ಲೇಬಲ್‌ನ ಮೋರ್ಟನ್ ಲಿಂಡ್‌ಬರ್ಗ್ 352.8 ಕಿಲೋಹರ್ಟ್ಸ್ ಎಂಬ ಹೈ-ರೆಸಲ್ಯೂಷನ್ ಮಟ್ಟದಲ್ಲಿ ಮುದ್ರಿಸುತ್ತಾರೆ. ಅವರ ಕೆಲಸ ನನಗೆ ಪ್ರಾಣ. ಆದರೆ ನಾನು ಅಲ್ಲಿ ಕೇಳುವುದು ಅವರು ಆರಿಸಿಕೊಂಡ ಚರ್ಚನ್ನು, ವಾದಕರನ್ನು ಕೂರಿಸಿದ ರೀತಿಯನ್ನು, ಮೈಕುಗಳು ನಿಂತ ಜಾಗವನ್ನು. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಕೆಟ್ಟ ಜಾಗದಲ್ಲಿಟ್ಟ ಮೈಕು ಸುಧಾರಿಸುವುದಿಲ್ಲ.

ಉದಾಹರಣೆಗೆ ವಾಟರ್ ಲಿಲಿ ಅಕೌಸ್ಟಿಕ್ಸ್ ಲೇಬಲ್‌ನ ‘ಎ ಮೀಟಿಂಗ್ ಬೈ ದ ರಿವರ್’ ಕೇಳಿ. ವಿಶ್ವಮೋಹನ ಭಟ್ಟರ ಮೋಹನವೀಣೆ, ರೈ ಕೂಡರರ ಸ್ಲೈಡ್ ಗಿಟಾರ್. 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚಾಪೆಲ್‌ನಲ್ಲಿ ಕವಿಚಂದ್ರನ್ ಅಲೆಕ್ಸಾಂಡರ್ ಅದನ್ನು ಬ್ಲುಮ್‌ಲೈನ್ ಜೋಡಣೆಯಲ್ಲಿ, ವಾಲ್ವ್ (ನಿರ್ವಾತ ಕೊಳವೆ) ಉಪಕರಣಗಳ ಮೂಲಕ ಟೇಪಿಗಿಳಿಸಿದರು. ಎರಡು ಮೈಕುಗಳನ್ನು ಒಂದಕ್ಕೊಂದು ಅಡ್ಡಲಾಗಿ, 90 ಡಿಗ್ರಿ ಕೋನದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುವ ಈ ಕ್ರಮ 1930ರ ದಶಕದ್ದು. ಆ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಒಬ್ಬರು ತಂತಿ ಮೀಟಿದ ಮೇಲೆ ಇನ್ನೊಬ್ಬರು ಉತ್ತರಿಸುವ ತನಕ ಚಾಪೆಲ್‌ನ ಮೌನ ಕೇಳುತ್ತದೆ. ಸಾಮಾನ್ಯ ಸಿಡಿಯಲ್ಲೇ ಕೇಳುತ್ತದೆ.

‘ಸಿಸ್ಟಂನ ಶಕ್ತಿ ತೋರಿಸುವ ಹತ್ತು ಟ್ರ್ಯಾಕ್‌ಗಳ ಪಟ್ಟಿ ಕೊಡಿ’ ಎಂದೂ ಕೇಳಿದ್ದೀರಿ. ನಾನು ಕೊಡುವುದಿಲ್ಲ. ಅಂಥ ಪಟ್ಟಿ ಹಿಡಿದು ಕೂತವರು ಪ್ರತಿ ಟ್ರ್ಯಾಕಿನ ಒಂದೊಂದು ನಿಮಿಷ ಕೇಳಿ ಮುಂದಕ್ಕೆ ಹಾರುತ್ತಾರೆ, ಮತ್ತು ಏರಿಳಿತವನ್ನೇ ನಂಬಿದ ಮುದ್ರಣ ಒಂದು ನಿಮಿಷದಲ್ಲಿ ಯಾವಾಗಲೂ ಸೋಲುತ್ತದೆ. ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ: ಈ ಲೇಬಲ್‌ಗಳಲ್ಲೂ ಜೊಳ್ಳು ಬೇಕಾದಷ್ಟಿದೆ. ಪಿಸುದನಿಯ ಗಾಯಕಿ, ಒಂದು ಗಿಟಾರ್, ಅದ್ಭುತ ಮುದ್ರಣ. ಎರಡನೆಯ ಸಲ ಕೇಳಲು ಅದರಲ್ಲಿ ಏನೂ ಇರುವುದಿಲ್ಲ. ಲೇಬಲ್ ನೋಡಿ ಕೊಳ್ಳುವ ಮುಂಚೆ ನುಡಿಸಿದವರು ಯಾರು ಎಂದು ನೋಡಿ. ‘ಜಾಝ್ ಅಟ್ ದ ಪಾನ್‌ಶಾಪ್’ ಇಷ್ಟು ವರ್ಷ ಬಾಳಿದ್ದು ಗ್ಲಾಸುಗಳ ಸದ್ದಿನಿಂದಲ್ಲ. ಡೊಮ್ನೆರುಸರ ಸ್ಯಾಕ್ಸೊಫೋನ್, ಬೆಂಗ್ಟ್ ಹಾಲ್‌ಬರ್ಗರ ಪಿಯಾನೋ ಅಷ್ಟು ಹುರುಪಿನಲ್ಲಿವೆ.

ಈಗ ನಿಮ್ಮ ಟ್ರಯೋ ಸಿಡಿ. ಮೊದಲು ಅದರ ಅತಿ ಜೋರಾದ ಜಾಗವನ್ನು ಹುಡುಕಿ, ಸಾಮಾನ್ಯವಾಗಿ ಡ್ರಮ್ ಒಂಟಿಯಾಗಿ ನುಡಿಯುವ ಕಡೆ ಇರುತ್ತದೆ. ಡ್ರಮ್ ನಿಮ್ಮೆದುರೇ ಇದ್ದರೆ ಎಷ್ಟು ಜೋರಾಗಿರುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆಗೆ ಗುಂಡಿಯನ್ನು ಹೊಂದಿಸಿ, ಆಮೇಲೆ ಮೊದಲಿನಿಂದ ಕೇಳಿ. ಮೆಲ್ಲನೆಯ ಆರಂಭಕ್ಕೆ ವಾಲ್ಯೂಮ್ ಹೊಂದಿಸಲು ಹೋಗಬೇಡಿ, ಮುಂದೆ ಬರುವ ಏಟು ಸ್ಪೀಕರಿಗೆ ಅಪಾಯ. ಕ್ವಾರ್ಟೆಟ್‌ನಲ್ಲಿ ಚೆಲ್ಲೋ ಒಂಟಿಯಾಗಿ ಬರುವ ಕಡೆ, ಅದು ನಿಜವಾದ ಚೆಲ್ಲೋದಷ್ಟು ದೊಡ್ಡದಾಗಿ ಕೇಳುವ ತನಕ ಏರಿಸಿ. ಫ್ಯಾನ್ ನಿಲ್ಲಿಸಿ. ಪ್ರತಿ ಸಿಡಿಗೂ ಗುಂಡಿಯ ಜಾಗ ಬೇರೆಯೇ ಇರುತ್ತದೆ. ನಾನು ಸಿಡಿಯ ಡಬ್ಬಿಯೊಳಗೆ ಸಣ್ಣ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ದೊಡ್ಡ ಕಂಪನಿಯ ಆಲ್ಬಮ್ಮಿನೊಂದಿಗೆ ಹೋಲಿಸಲೇಬೇಕು ಎಂದಿದ್ದರೆ, ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಇಟ್ಟುಕೊಂಡು ಎರಡರ ಸರಾಸರಿಯನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ.

ಹೀಗೆ ಕೇಳುವಾಗ ಜೋರು ಜಾಗಗಳಲ್ಲಿ ಸದ್ದು ಬಿರುಸಾಗಿ ಒಡೆದರೆ ಆಗ ಆಂಪ್ಲಿಫೈಯರಿನ ಮಾತು ಬರುತ್ತದೆ. 10 ಡೆಸಿಬೆಲ್ ಏರಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಸರಾಸರಿಗೆ 1 ವ್ಯಾಟ್ ಸಾಕಾಗುವ ಸಂಗೀತದಲ್ಲಿ 20 ಡೆಸಿಬೆಲ್ ಮೇಲಿನ ಆ ಒಂದು ಏಟಿಗೆ 100 ವ್ಯಾಟ್ ಬೇಕಾಗುತ್ತದೆ. ನಿಮ್ಮದು 60 ವ್ಯಾಟ್ ಎಂದಿದ್ದೀರಿ. ಸಣ್ಣ ಕೋಣೆ, ಸ್ಪೀಕರುಗಳ ಹತ್ತಿರವೇ ಕೂರುತ್ತೀರಿ, ಸರಾಸರಿಗೆ ನಿಮಗೆ 1 ವ್ಯಾಟ್ ಕೂಡ ಬೇಕಾಗದು, ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಧಾರಾಳವಾಗಿ ಸಾಲುತ್ತದೆ. ಸಿಡಿಗಳನ್ನು ಹಿಂದಿರುಗಿಸಲು ಇನ್ನೊಂದು ವಾರ ಉಳಿದಿದೆ ಎಂದೂ ಬರೆದಿದ್ದೀರಿ. ಆ ವಾರದಲ್ಲಿ ಎರಡನ್ನೂ ಹೀಗೆ ಆರಂಭದಿಂದ ಕೊನೆಯವರೆಗೆ ಕೇಳಿ. ಆಗಲೂ ಟ್ರಯೋದಲ್ಲಿ ಬೇಸ್ ಸಿಗದಿದ್ದರೆ ಸಿಡಿಯ ಹೆಸರು, ಸ್ಪೀಕರಿನ ಮಾದರಿ, ಗೋಡೆಯಿಂದ ಅದಕ್ಕಿರುವ ದೂರ ಇಷ್ಟನ್ನು ಇಲ್ಲಿ ಬರೆಯಿರಿ, ನೋಡಿ ಉತ್ತರಿಸುತ್ತೇನೆ.