ಅಪ್ಪ ಇಲ್ಲದ ಮೊದಲ ದೀಪಾವಳಿ: ಹಬ್ಬ ಮಾಡುವಂತಿಲ್ಲ, ಆ ಮೂರು ದಿನ ಹೇಗೆ ಕಳೆಯೋದು?

ತಂದೆ ತೀರಿಕೊಂಡು ಐದು ತಿಂಗಳು, ವರ್ಷ ತುಂಬುವವರೆಗೆ ಹಬ್ಬವಿಲ್ಲ, ಮನೆಯಲ್ಲಿ ಅಮ್ಮ ಮತ್ತು ಎಂಟು ವರ್ಷದ ಮಗ ಇದ್ದಾರೆ ಎಂದು ಬರೆದಿದ್ದೀರಿ. "ಈ ಸಲ ಹಬ್ಬ ಇಲ್ಲ" ಅಂದುಬಿಟ್ಟರೆ ಚಿಂತೆ ಮುಗಿಯಿತು ಎಂದು ಬಹಳ ಮನೆಗಳಲ್ಲಿ ತಿಳಿಯುತ್ತಾರೆ. ಕಷ್ಟ ಶುರುವಾಗುವುದೇ ಅಲ್ಲಿ. ಪೂಜೆಯಿಲ್ಲ, ಅಡುಗೆಯ ಗಡಿಬಿಡಿಯಿಲ್ಲ, ಬೀದಿ ತುಂಬ ಮಾತ್ರ ಪಟಾಕಿ. ಸಂಜೆ ಆರರಿಂದ ಒಂಬತ್ತರವರೆಗಿನ ಖಾಲಿ ಹೊತ್ತು ತಿನ್ನುತ್ತದೆ.

ಹಾಗಾಗಿ ಒಂದು ವಾರ ಮುಂಚೆ ಮೂವರೂ ಕೂತು ಮಾತಾಡಿ. ನೀರು ತುಂಬುವ ಸಂಜೆ, ಚತುರ್ದಶಿಯ ಎಣ್ಣೆಸ್ನಾನ, ಅಮಾವಾಸ್ಯೆ, ಬಲಿಪಾಡ್ಯಮಿ: ಒಂದೊಂದರಲ್ಲೂ ಅಪ್ಪ ಏನು ಮಾಡುತ್ತಿದ್ದರು ಎಂದು ನೆನಪಿಸಿಕೊಳ್ಳಿ. ಹಂಡೆ ತೊಳೆದು ನೀರು ತುಂಬುತ್ತಿದ್ದವರು, ಮೊಮ್ಮಗನ ತಲೆಗೆ ಎಣ್ಣೆ ಒತ್ತುತ್ತಿದ್ದವರು ಅವರೇ ಆಗಿದ್ದರೆ ಹೆಚ್ಚು ನೋಯುವುದು ಆ ಗಳಿಗೆ. ಆ ಕೆಲಸ ಈ ಸಲ ಯಾರದು, ಅಥವಾ ಬಿಟ್ಟೇಬಿಡುತ್ತೀರಾ ಎಂಬುದು ಮೊದಲೇ ತೀರ್ಮಾನವಾಗಲಿ. ಅವತ್ತೇ ಬೆಳಿಗ್ಗೆ ಐದಕ್ಕೆ ಎದ್ದು ತೀರ್ಮಾನಿಸಲು ಹೋದರೆ ಒಬ್ಬರ ಮೇಲೊಬ್ಬರು ರೇಗುತ್ತೀರಿ.

ವರ್ಷದೊಳಗೆ ಏನು ಮಾಡಬಹುದೆಂಬುದು ಮನೆಯಿಂದ ಮನೆಗೆ ಬೇರೆ. ಕೆಲವರು ಕರಿಯಲು ಬಾಣಲೆ ಇಡುವುದಿಲ್ಲ, ಹೊಸ ಬಟ್ಟೆ ತರುವುದಿಲ್ಲ. ಹೊಸಿಲಿಗೆ ಒಂದು ದೀಪ ಇಡಲು ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ಮನೆಯ ಹಿರಿಯರನ್ನು ಒಮ್ಮೆ ಕೇಳಿ ನಿಶ್ಚಯಿಸಿ. ಆಮೇಲೆ ಬಂದುಹೋದವರ ಮಾತಿಗೆಲ್ಲ ಅದನ್ನು ಬದಲಿಸಬೇಡಿ.

ಸಂಜೆಗೆ ಅಪ್ಪನ ಇಬ್ಬರು ಸ್ನೇಹಿತರನ್ನೋ ಸೋದರತ್ತೆಯನ್ನೋ ಕರೆಯಿರಿ. ಅಪ್ಪನ ಬಗ್ಗೆ ಅರ್ಧ ಗಂಟೆ ಮಾತಾಡಿ, ಆಮೇಲೆ ಸಾದಾ ಊಟ. ಅಮ್ಮ ಅಳುತ್ತಾರೆಂದು ನೀವು, ನೀವು ಅಳುತ್ತೀರೆಂದು ಅಮ್ಮ ಅಪ್ಪನ ಹೆಸರೆತ್ತದೆ ಕೂರುವುದೇ ಹೆಚ್ಚು ಹಿಂಸೆ. ನೆಂಟರ ಮನೆಗೆ ಹೋಗುವುದಾದರೆ ನಿಮ್ಮದೇ ಗಾಡಿಯಲ್ಲಿ ಹೋಗಿ. "ಬೇಗ ಹೊರಟುಬಿಡಬಹುದು, ಬೇಜಾರಾಗಬೇಡಿ" ಎಂದು ಮೊದಲೇ ಫೋನಿನಲ್ಲಿ ಹೇಳಿಬಿಡಿ.

ಅಮ್ಮನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದ ಮನೆಗಳೇ ಈ ಸಲ ಅವರನ್ನು ಬಿಟ್ಟು ಮುಂದಿನ ಮನೆಗೆ ಹೋಗಬಹುದು. ಗಂಡನನ್ನು ಕಳೆದುಕೊಂಡವರಿಗೆ ಇದು ಎರಡನೇ ಪೆಟ್ಟು; ಸಂಪ್ರದಾಯ ಎಂದು ಇದನ್ನು ಸಮರ್ಥಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಹೂ ಮುಡಿಯಬೇಕೆ, ಯಾರ ಮನೆಗೆ ಹೋಗಬೇಕು, ಯಾರು ಬಂದರೆ ಸಮಾಧಾನ ಎಂದು ಅವರನ್ನೇ ಕೇಳಿ. ಅವರು ಏನೇ ಹೇಳಲಿ, ನೆಂಟರ ಎದುರು ಅದನ್ನು ಎತ್ತಿಹಿಡಿಯುವ ಕೆಲಸ ನಿಮ್ಮದು.

ಮಗನಿಗೆ "ತಾತ ಸತ್ತುಹೋದರು, ಮತ್ತೆ ಬರುವುದಿಲ್ಲ" ಎಂದು ನೇರವಾಗಿ ಹೇಳಿ. "ಮಲಗಿದ್ದಾರೆ" ಅಂದರೆ ಮಗು ಮಲಗಲು ಹೆದರಬಹುದು. ಮಕ್ಕಳ ದುಃಖ ಬಿಟ್ಟುಬಿಟ್ಟು ಬರುತ್ತದೆ: ಈಗ ಅಳು, ಹತ್ತು ನಿಮಿಷಕ್ಕೆ ಆಟ. ಪಕ್ಕದ ಮನೆಯಲ್ಲಿ ಸುರುಸುರುಬತ್ತಿ ಹಚ್ಚಿ ನಕ್ಕರೆ ಗದರಬೇಡಿ. ದೊಡ್ಡವರ ಮನಸ್ಸೂ ನೋವಿಗೊಮ್ಮೆ, ದಿನದ ಕೆಲಸಗಳಿಗೊಮ್ಮೆ ಹೊರಳುತ್ತಿರುವುದೇ ಸರಿ ಎಂದು ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲೇ ವಿವರಿಸಿದ್ದಾರೆ. ನೀವು ನಕ್ಕರೂ ಅಪ್ಪನನ್ನು ಮರೆತಂತಲ್ಲ.

ಫೋನನ್ನು ಮರೆಯಬೇಡಿ. "ಈ ವರ್ಷ ನಮಗೆ ಹಬ್ಬವಿಲ್ಲ. ಶುಭಾಶಯದ ಬದಲು ಅಪ್ಪನ ಒಂದು ನೆನಪು ಬರೆದು ಕಳಿಸಿ" ಎಂದು ವಾಟ್ಸಾಪ್ ಸ್ಟೇಟಸ್ ಹಾಕಿ. ಹೋದ ವರ್ಷದ ದೀಪಾವಳಿಯ ಫೋಟೊ ತಟ್ಟನೆ ಎದುರಾಗದಿರಲು ಗೂಗಲ್ ಫೋಟೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಮೊರೀಸ್‌ಗೆ ಹೋಗಿ ಆ ದಿನಾಂಕಗಳನ್ನು ಮರೆಮಾಡಬಹುದು. ಫೋಟೊಗಳು ಅಳಿಸಿಹೋಗುವುದಿಲ್ಲ.

ಐದು ತಿಂಗಳಿಗೆ ಹೀಗೆ ನೋಯುವುದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ದೀರ್ಘಶೋಕವನ್ನು ಕಾಯಿಲೆ ಎಂದು ಗುರುತಿಸಲು ಕನಿಷ್ಠ 6 ತಿಂಗಳು ಬಿಡುತ್ತದೆ. ಆಗಲೂ ದಿನನಿತ್ಯದ ಬದುಕು ಕೆಟ್ಟು ನಿಂತಿದ್ದರೆ ಮಾತ್ರ. ಆದರೆ "ನಾನೂ ಹೋಗಿಬಿಡಬೇಕು" ಎಂಬ ಮಾತು ಯಾರ ಬಾಯಲ್ಲಿ ಬಂದರೂ ತಿಂಗಳು ಎಣಿಸುತ್ತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ: ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಾಡ್ಯದ ಮರುದಿನಕ್ಕೂ ಏನಾದರೂ ಇಟ್ಟುಕೊಳ್ಳಿ. ಬಂದವರು ಹೊರಟುಹೋದ ಮೇಲೆ ಅಮ್ಮ ಕುಸಿಯುವ ಸಾಧ್ಯತೆ ಹೆಚ್ಚು. ಆಗುವುದಾದರೆ ರಜೆ ಹಾಕಿ ಅವತ್ತು ಮನೆಯಲ್ಲೇ ಇರಿ.