ಕೌಂಟ್ ನಾರ್ಮಲ್ ಬಂದ ಮೇಲೂ ಬಿಸಿಆರ್-ಎಬಿಎಲ್ ಟೆಸ್ಟ್ ಬೇಕಾ?

ತಮ್ಮನಿಗೆ ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್, ಅದರ ಮಾತ್ರೆ ಇಮ್ಯಾಟಿನಿಬ್ ಶುರುವಾಗಿ ಆರು ತಿಂಗಳು, ರಕ್ತಕಣಗಳ ಕೌಂಟ್ ನಾರ್ಮಲ್, ಆ ದುಬಾರಿ ಬಿಸಿಆರ್-ಎಬಿಎಲ್ ಟೆಸ್ಟ್ ಬಿಡಬಹುದಾ ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ. 2015ರಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಸುಮ್ನೆ ಬಿಟ್ಟೆ.

ಎಡ ಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಗ್ಯಾಸ್ ಅಂದುಕೊಂಡು ಜೀರಿಗೆ ಕಷಾಯ ಕುಡಿದೆ. ಕೊನೆಗೆ ನೋಡಿದರೆ ಸ್ಪ್ಲೀನ್ (ಗುಲ್ಮ) ಊದಿತ್ತು, ಬಿಳಿ ರಕ್ತಕಣ 1,80,000. "ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲವಲ್ಲ" ಅಂತ ಅಮ್ಮನ ಗೋಳು. ಇದು ಮನೆತನದಿಂದ ಬರುವುದಲ್ಲ. ಮೂಳೆಮಜ್ಜೆಯ ಒಂದು ಜೀವಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗುತ್ತದೆ. ಮಕ್ಕಳಿಗೂ ಹೋಗುವುದಿಲ್ಲ. ತಂಗಿಯ ಮದುವೆ ಮಾತುಕತೆಯಲ್ಲಿ ಇದನ್ನು ನಾಲ್ಕು ಮನೆಯವರಿಗೆ ವಿವರಿಸಿದ್ದೇನೆ.

ದಿನಕ್ಕೆ 400 ಮಿಲಿಗ್ರಾಂ ಮಾತ್ರೆ. ಐದು ತಿಂಗಳಲ್ಲಿ ಕೌಂಟ್ 6,200. ಆದರೆ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಬೆಳಿಗ್ಗೆ ಕಣ್ಣಿನ ಸುತ್ತ ಊತ. ದಿನ ಬಿಟ್ಟು ದಿನ ನುಂಗತೊಡಗಿದೆ. ಡಾಕ್ಟರಿಗೆ ಹೇಳಲಿಲ್ಲ. ಮಾತ್ರೆಗಿಂತ ಟೆಸ್ಟೇ ದುಬಾರಿ ಅನ್ನಿಸಿ ಅದನ್ನೂ ಬಿಟ್ಟೆ. ತಿಂಗಳಿಗೊಮ್ಮೆ ಊರಿನ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಟೆಸ್ಟ್, ಮಾಡಿಸಿ, ನಾರ್ಮಲ್ ನೋಡಿ ಖುಷಿಪಡುತ್ತಿದ್ದೆ.

ಎಡವಿದ್ದು ಇಲ್ಲೇ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಅಂಟಿಕೊಂಡರೆ ಕೆಂಪು ಬಟನ್ ಒತ್ತಿದರೂ ನಿಲ್ಲುವುದಿಲ್ಲ, ಅಲ್ವಾ? ಎಬಿಎಲ್ ಜೀನ್ ಎಲ್ಲರಲ್ಲೂ ಇದೆ. ಆ ಕ್ರೋಮೋಸೋಮು ಅದಲುಬದಲಿನಲ್ಲಿ ಬಿಸಿಆರ್ ಅನ್ನುವ ಇನ್ನೊಂದು ಜೀನಿನ ಜೊತೆ ಅಂಟಿಕೊಂಡ ಮೇಲೆ ಅದರಿಂದ ತಯಾರಾಗುವ ಪ್ರೋಟೀನ್ ಆಫ್ ಆಗುವುದೇ ಇಲ್ಲ. ಜೀವಕೋಶ ಒಂದಕ್ಕೆರಡಾಗುತ್ತಲೇ ಇರುತ್ತದೆ. ಇಮ್ಯಾಟಿನಿಬ್ ಸ್ಟಾರ್ಟರ್ ರಿಪೇರಿ ಮಾಡುವುದಿಲ್ಲ, ಫ್ಯೂಸ್ ಕಿತ್ತು ಹಿಡಿದುಕೊಳ್ಳುತ್ತದೆ ಅಷ್ಟೇ. ಸುಮಾರು 18 ಗಂಟೆಯಲ್ಲಿ ಅದರಲ್ಲಿ ಅರ್ಧ ಮೈಯಿಂದ ಖಾಲಿ. ಅಂದರೆ ನಾನೇ ದಿನ ಬಿಟ್ಟು ದಿನ ಫ್ಯೂಸ್ ವಾಪಸ್ ಹಾಕುತ್ತಿದ್ದೆ. ಸಿಬಿಸಿಯಲ್ಲಿ ಗೊತ್ತಾಗುವುದು ತೋಟದಲ್ಲಿ ನೀರು ನಿಂತಿದೆಯಾ ಅನ್ನುವುದು ಮಾತ್ರ. ಮೋಟಾರ್ ಓಡುತ್ತಿದೆಯಾ ಅಂತ ತಿಳಿಯಬೇಕಾದರೆ ಆ ಜೀನ್ ಬರೆದು ಕಳಿಸುವ ಆರ್‌ಎನ್‌ಎ ಎಷ್ಟಿದೆ ನೋಡಬೇಕು. ಬಿಸಿಆರ್-ಎಬಿಎಲ್ ಟೆಸ್ಟ್ ಅಳೆಯುವುದು ಅದನ್ನೇ.

14 ತಿಂಗಳ ನಂತರ ಆ ಟೆಸ್ಟ್ ಮಾಡಿಸಿದಾಗ, ಬಿಡುವ ಮುಂಚೆ 0.8 ಪರ್ಸೆಂಟ್ ಇದ್ದದ್ದು 17 ಪರ್ಸೆಂಟ್ ಆಗಿತ್ತು. ಅದೇ ದಿನದ ಸಿಬಿಸಿ ನಾರ್ಮಲ್! ಜೀನಿನಲ್ಲಿ ಹೊಸ ಮ್ಯುಟೇಶನ್ (ಬದಲಾವಣೆ) ಕೂಡ ಆಗಿ, ಇಮ್ಯಾಟಿನಿಬ್ ಕೆಲಸಕ್ಕೆ ಬಾರದೆ ಹೋಯಿತು. ಈಗ ಡಾಸಾಟಿನಿಬ್ ಅನ್ನುವ ಬೇರೆ ಮಾತ್ರೆ ನುಂಗುತ್ತಿದ್ದೇನೆ.

ಹಾಗಾಗಿ 'ಕೌಂಟ್ ನಾರ್ಮಲ್, ಇನ್ನೇನು' ಅನ್ನುವ ನಿಮ್ಮ ಲೆಕ್ಕವೇ ತಪ್ಪು. ದುಡ್ಡು ಉಳಿಸುವುದಿದ್ದರೆ ತಿಂಗಳ ಸಿಬಿಸಿಯಲ್ಲಿ ಎಷ್ಟು ಕಡಿಮೆ ಮಾಡಬಹುದು ಅಂತ ಡಾಕ್ಟರನ್ನು ಕೇಳಿ, ಬಿಸಿಆರ್-ಎಬಿಎಲ್ ಟೆಸ್ಟನ್ನು ಮಾತ್ರ ಬಿಡಬೇಡಿ. ಮಾತ್ರೆ ಶುರುವಾದ ಮೇಲೆ ಅದರ ಅಂಕಿ ಮೂರು ತಿಂಗಳಿಗೆ 10 ಪರ್ಸೆಂಟಿನೊಳಗೆ, ವರ್ಷಕ್ಕೆ 0.1ರೊಳಗೆ ಬರಬೇಕು. ವರ್ಷಗಟ್ಟಲೆ ತೀರಾ ಕಡಿಮೆ ಇದ್ದವರಿಗೆ ಡಾಕ್ಟರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ಅದನ್ನು ತೀರ್ಮಾನಿಸುವುದೂ ಇದೇ ಟೆಸ್ಟ್ ನೋಡಿ.

ಇನ್ನೊಂದು. ರಾತ್ರಿ ಕಾಲು ಹಿಡಿದುಕೊಳ್ಳುತ್ತದಾ ಅಂತ ತಮ್ಮನನ್ನು ಕೇಳಿ. ಹೌದು ಅಂದರೆ ಸ್ಟ್ರಿಪ್ಪಿನಲ್ಲಿ ಉಳಿದಿರುವ ಮಾತ್ರೆ ಎಣಿಸಿ. ನಾನು ಸಿಕ್ಕಿಬಿದ್ದಿದ್ದು ನನ್ನ ಹೆಂಡತಿ ಎಣಿಸಿದ್ದರಿಂದ.