ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ ಪ್ರೊಸೆಸರ್ ತರಿಸಬೇಡಿ

ಸಿಡಿಲು ಹೊಡೆದ ರಾತ್ರಿಯಿಂದ ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತೆ, ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಬದಲಿಸಿದರೂ ಹಾಗೇ ಇದೆ, ಈಗ ಹೊಸ ಪ್ರೊಸೆಸರ್ ಹಾಕಿ ನೋಡಲೋ ಮದರ್‌ಬೋರ್ಡ್ ಹಾಕಿ ನೋಡಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಹಾಗೆ 'ಹಾಕಿ ನೋಡೋದೇ' ಇಲ್ಲಿ ತಪ್ಪು.

ಶಿವಮೊಗ್ಗದ ಅಡಿಕೆ ಮಂಡಿಯೊಂದರಿಂದ ಇದೇ ಲಕ್ಷಣದ ಬೋರ್ಡ್ ನನ್ನ ಕೈಗೆ ಬಂದಿತ್ತು. ಪ್ರೊಸೆಸರ್ ಪಕ್ಕದ 8 ಪಿನ್ ಕನೆಕ್ಟರ್ ಕಿತ್ತು ಆನ್ ಮಾಡಿದೆ, ಫ್ಯಾನ್ ನಿಲ್ಲದೆ ತಿರುಗಿತು. ಅಂದರೆ ಶಾರ್ಟ್ ಇರುವುದು ಪ್ರೊಸೆಸರಿಗೆ ಕರೆಂಟ್ ಕೊಡುವ ಭಾಗದ, ಅಂದರೆ ವಿಆರ್‌ಎಂ ಕಡೆ. ಅಲ್ಲಿಯವರೆಗೆ ಸರಿ. ಆಮೇಲೆ ವಿಆರ್‌ಎಂನ ಕಾಯಿಲಿಗೂ (ಪ್ರೊಸೆಸರ್ ಪಕ್ಕದ ತಂತಿ ಸುರುಳಿ) ಗ್ರೌಂಡಿಗೂ (ಮೈನಸ್) ಮೀಟರ್ ಹಿಡಿದೆ, 2 ಓಮ್ ಬಂತು. ಪ್ರೊಸೆಸರ್ ಕೂತಿರುವಾಗ ಅಷ್ಟು ಕಡಿಮೆ ಬರುವುದು ಸಹಜ. ಹಾಗಾಗಿ ವಿಆರ್‌ಎಂ ಚೆನ್ನಾಗಿದೆ, ಪ್ರೊಸೆಸರೇ ಹೋಗಿರಬೇಕು ಅಂದುಕೊಂಡು ಇನ್ನೊಂದನ್ನು ಹಾಕಿದೆ. ಬಟನ್ ಒತ್ತಿದ್ದೇ ತಡ, ಅದೂ ಸತ್ತಿತು.

ನಾನು ಅಳೆಯದೆ ಬಿಟ್ಟದ್ದು ಒಂದೇ ಜಾಗ: 12 ವೋಲ್ಟ್ ಪಿನ್ನಿಗೂ ಕಾಯಿಲಿಗೂ ನಡುವೆ. ವಿಆರ್‌ಎಂ ಹಲವು ಫೇಸುಗಳಾಗಿ, ಅಂದರೆ ಒಂದೇ ಥರದ ಭಾಗಗಳಾಗಿ ಇರುತ್ತದೆ. ಪ್ರತಿ ಫೇಸಿನಲ್ಲೂ ಒಂದು ಕಾಯಿಲು, ಮತ್ತೆ ಮೇಲೊಂದು (12 ವೋಲ್ಟ್ ಕಡೆ) ಕೆಳಗೊಂದು (ಗ್ರೌಂಡ್ ಕಡೆ) ಮಾಸ್‌ಫೆಟ್, ಅಂದರೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಪುಟ್ಟ ಚಿಪ್, ಇರುತ್ತದೆ. ಮೇಲಿನದು 12 ವೋಲ್ಟನ್ನು ತುಣುಕು ತುಣುಕಾಗಿ ಕಾಯಿಲಿಗೆ ಬಿಡುತ್ತದೆ, ಹಾಗಾಗಿ ಪ್ರೊಸೆಸರಿಗೆ ಸುಮಾರು 1.2 ವೋಲ್ಟ್ ಮಾತ್ರ ಸಿಗುತ್ತದೆ. ಆ ಮೇಲಿನದು ಶಾರ್ಟ್ ಆದರೆ ಕೆರೆಯ ತೂಬು ಮುರಿದು ತೆರೆದೇ ನಿಂತ ಹಾಗೆ, 12 ವೋಲ್ಟ್ ಪೂರ್ತಿ ಪ್ರೊಸೆಸರಿಗೆ ನುಗ್ಗುತ್ತದೆ. ಎಸ್‌ಎಂಪಿಎಸ್ ಕಡಿದುಕೊಳ್ಳುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಶಾರ್ಟ್ ಗ್ರೌಂಡಿನ ಕಡೆಗಿಲ್ಲ, 12 ವೋಲ್ಟಿನ ಕಡೆಗಿದೆ. ಗ್ರೌಂಡಿಗೆ ಎಷ್ಟು ಸಲ ಅಳೆದರೂ ಅದು ಸಿಗುವುದಿಲ್ಲ.

ನೀವು ಹೀಗೆ ಮಾಡಿ. ಪ್ಲಗ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿಹಿಡಿಯಿರಿ, ಉಳಿದ ಚಾರ್ಜ್ ಇಳಿಯಲಿ. ಪ್ರೊಸೆಸರ್, ರ‍್ಯಾಮ್, ಕಾರ್ಡು ಎಲ್ಲ ತೆಗೆಯಿರಿ. ಮೀಟರ್ 200 ಓಮ್‌ಗೆ ಇಟ್ಟು ಒಂದು ಮೊನೆ 8 ಪಿನ್ ಸಾಕೆಟ್ಟಿನ ಕ್ಲಿಪ್ ಬದಿಯ ಪಿನ್ನಿಗೆ, ಇನ್ನೊಂದು ಕಾಯಿಲಿಗೆ. 1 ಓಮ್‌ಗಿಂತ ಕೆಳಗೆ ಬಂದರೆ ಮೇಲಿನ ಮಾಸ್‌ಫೆಟ್ ಹೋಗಿದೆ. ಕಾಯಿಲುಗಳೆಲ್ಲ ಪ್ರೊಸೆಸರ್ ಕಡೆಯ ತುದಿಯಲ್ಲಿ ಒಂದಕ್ಕೊಂದು ಸೇರಿರುವುದರಿಂದ ಎಲ್ಲದರಲ್ಲೂ ಅದೇ ಓಮ್ ಕಾಣುತ್ತದೆ, ಯಾವ ಫೇಸಿನದು ಹೋಗಿದೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಮೇಲಿನ ಮಾಸ್‌ಫೆಟ್ಟಿನ ಗೇಟಿಗೂ (ಅದನ್ನು ಆನ್ ಆಫ್ ಮಾಡುವ ಕಾಲು) ಸೋರ್ಸಿಗೂ (ಕಾಯಿಲಿಗೆ ಸೇರುವ ಕಾಲು) ನಡುವೆ ಅಳೆಯಿರಿ. ಗೇಟ್ ಪ್ರತಿ ಫೇಸಿಗೂ ಬೇರೆ, ಮತ್ತು ಸುಟ್ಟ ಮಾಸ್‌ಫೆಟ್ಟಿನ ಗೇಟೂ ಸಾಮಾನ್ಯವಾಗಿ ಶಾರ್ಟ್ ಆಗಿರುತ್ತದೆ. ಎರಡೂ ಮಾಸ್‌ಫೆಟ್ ಒಂದೇ ಚಿಪ್ಪಿನೊಳಗಿರುವ ಬೋರ್ಡಾದರೆ ಗೇಟ್ ಕೈಗೆ ಸಿಗುವುದಿಲ್ಲ, ಕಾಯಿಲುಗಳನ್ನು ಒಂದೊಂದಾಗಿ ಎಬ್ಬಿಸಿ ಅಳೆಯಬೇಕು.

ಸುಟ್ಟ ಮಾಸ್‌ಫೆಟ್ ಬಿಚ್ಚುವಾಗ ಬರೀ ಹಾಟ್ ಏರ್ ಹಿಡಿದರೆ ಸಾಲದು. ಒಳಗಿನ ತಾಮ್ರದ ಪದರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಸುಗೆ ಕರಗುವ ಮೊದಲು ಪ್ಯಾಡ್ (ಚಿಪ್ ಕೂರುವ ತಾಮ್ರದ ಅಚ್ಚು) ಕಿತ್ತುಬರುತ್ತದೆ. ಕೆಳಗಿನಿಂದ ಸುಮಾರು 120 ಡಿಗ್ರಿಗೆ ಬಿಸಿ ಮಾಡಿಕೊಂಡು ಮೇಲಿಂದ 380 ಡಿಗ್ರಿ ಗಾಳಿ ಬಿಡಿ. ಅದೇ ನಂಬರಿನ ಮಾಸ್‌ಫೆಟ್ ಹಾಕಿ, ಗುಜರಿ ಬೋರ್ಡಿನದ್ದಾದರೂ ನಡೆಯುತ್ತದೆ. ಆ ಫೇಸಿನ ಕೆಳಗಿನದನ್ನೂ ಬದಲಿಸಿ, ಗೇಟುಗಳನ್ನು ನಡೆಸುವ ಡ್ರೈವರ್ ಚಿಪ್ಪನ್ನೂ ನೋಡಿ. ಡ್ರೈವರ್ ಸತ್ತಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಮಳೆಗಾಲದ ಶೀತಕ್ಕೆ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಅಂಟು) ಉಳಿದರೆ ಪಾಚಿ ಹಿಡಿದ ಹಾಗೆ ತುಕ್ಕು ಬರುತ್ತದೆ, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಬ್ರಷ್‌ನಿಂದ ಉಜ್ಜಿ ಪೂರ್ತಿ ಒಣಗಿಸಿ.

ಮೊದಲ ಸಲ ಆನ್ ಮಾಡುವಾಗ ಪ್ರೊಸೆಸರ್ ಸಾಕೆಟ್ ಖಾಲಿ ಇರಲಿ. ಕಾಯಿಲಿಗೂ ಗ್ರೌಂಡಿಗೂ ಡಿಸಿ ವೋಲ್ಟ್ ನೋಡಿ. ಪ್ರೊಸೆಸರ್ ಇಲ್ಲದಾಗ ಬಹಳ ಬೋರ್ಡುಗಳಲ್ಲಿ ಸೊನ್ನೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. 12 ಕಂಡರೆ ತಕ್ಷಣ ಪ್ಲಗ್ ಕೀಳಿ.

ಸಿಡಿಲು ಅಂದಿರಲ್ಲ, ಲ್ಯಾನ್ ವೈರ್ (ಇಂಟರ್ನೆಟ್ ಕೇಬಲ್) ಆಗ ಸಿಕ್ಕಿಸಿಯೇ ಇತ್ತಾ? ಹಾಗಿದ್ದರೆ ಮೆಷಿನ್ ಆನ್ ಮಾಡದೆ ಬರೀ ಪ್ಲಗ್ ಹಾಕಿ, ಲ್ಯಾನ್ ಪೋರ್ಟ್ ಹಿಂದಿನ ಪುಟ್ಟ ಚಿಪ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಅದೂ ಹೋಗಿದೆ. ವಿಆರ್‌ಎಂ ಸರಿಯಾದ ಮೇಲೂ ಬೋರ್ಡ್ ಏಳದಿದ್ದರೆ ಮೊದಲು ಆ ಚಿಪ್ ಬಿಚ್ಚಿ.